ಪಾಸ್‌ಪೋರ್ಟ್ ಇಲ್ಲದೆ ಹೋದ ನೆಲಕ್ಕೆ ಪ್ರವಾಸಿಯಾಗಿ

ನಾನು ಮೊದಲ ಸಲ ದೇಶದ ಗಡಿ ದಾಟಿದ್ದು 1987ರಲ್ಲಿ. ಪಾಸ್‌ಪೋರ್ಟ್ ಇರಲಿಲ್ಲ, ವೀಸಾ ಕೇಳುವವರೂ ಇರಲಿಲ್ಲ. ಹೆಗಲಲ್ಲಿ ಬಂದೂಕು, ಬೆನ್ನಿಗೆ ಪಿಟ್ಟು ಎಂಬ ಸೇನೆಯ ಚೀಲ, ಕೊರಳಲ್ಲಿ ಗುರುತಿನ ಬಿಲ್ಲೆ. ಆ ವರ್ಷದ ಜುಲೈ 29ರಂದು ಭಾರತ ಮತ್ತು ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದವು. ಮರುದಿನದಿಂದಲೇ ಭಾರತದ ಶಾಂತಿಪಾಲನಾ ಪಡೆ ಉತ್ತರ ಶ್ರೀಲಂಕಾದ ಜಾಫ್ನಾಕ್ಕೆ ಇಳಿಯತೊಡಗಿತು. ಅಕ್ಟೋಬರ್ ಹೊತ್ತಿಗೆ ತಮಿಳು ಹುಲಿಗಳ ಜೊತೆ ಕಾಳಗ ಶುರುವಾಗಿ, ಶಾಂತಿ ಎಂಬುದು ಪಡೆಯ ಹೆಸರಿನಲ್ಲಷ್ಟೇ ಉಳಿದಿತ್ತು. ಕೊನೆಯ ತುಕಡಿ ಹಿಂದಿರುಗಿದ್ದು 1990ರ ಮಾರ್ಚ್‌ನಲ್ಲಿ. ಸಾವಿರಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ.

ಬೈಲಹೊಂಗಲ ತಾಲ್ಲೂಕಿನ ಒಕ್ಕಲುತನದ ಮನೆಯವನು ನಾನು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಭರ್ತಿಯಾಗಿ, ಅಲ್ಲೇ ರಂಗರೂಟನಾಗಿ, ಅಂದರೆ ತರಬೇತಿಯ ಹೊಸ ಸಿಪಾಯಿಯಾಗಿ ಕಲಿತು, ಸುಬೇದಾರನಾಗಿ ನಿವೃತ್ತನಾದೆ. ಆಮೇಲೆ ದೇಶ ಸುತ್ತಿದೆ, ಸುತ್ತಿದ್ದನ್ನು ಕನ್ನಡದಲ್ಲಿ ಬರೆದೆ. ನಿವೃತ್ತಿಯ ಅಂಚಿನಲ್ಲಿರುವ ಹುಡುಗರು ಈಗ ಮನೆಗೆ ಬಂದು, ‘ಸಾಹೇಬರೇ, ಇದನ್ನೆಲ್ಲ ಹೇಗೆ ಮಾಡಿದಿರಿ, ನಮಗೂ ಆಗುತ್ತದೆಯೇ’ ಎಂದು ಕೇಳುತ್ತಾರೆ. ಆಗುತ್ತದೆ. ಸಿಪಾಯಿಗೆ ಬರಹದ ಕಸುಬಿನ ಅರ್ಧ ಭಾಗವನ್ನು ಪಲ್ಟನ್ನೇ ಕಲಿಸಿ ಕಳಿಸಿರುತ್ತದೆ. ಅದು ಅವನ ಅರಿವಿಗೆ ಬಂದಿರುವುದಿಲ್ಲ, ಅಷ್ಟೇ.

ರಂಗರೂಟರಿಗೆ ಹೇಳಿಕೊಡುವ ಫೀಲ್ಡ್‌ಕ್ರಾಫ್ಟ್, ಅಂದರೆ ಬಯಲಿನಲ್ಲಿ ಅಡಗುವ, ನೋಡುವ, ಚಲಿಸುವ ವಿದ್ಯೆಯ ಪಾಠಗಳಲ್ಲಿ ಒಂದರ ಹೆಸರು ‘ಚೀಜೇಂ ಕ್ಯೋಂ ನಜರ್ ಆತೀ ಹೈಂ’. ವಸ್ತುಗಳು ಕಣ್ಣಿಗೆ ಏಕೆ ಬೀಳುತ್ತವೆ ಎನ್ನುವ ಪಾಠ. ಉಸ್ತಾದರು ನಮ್ಮನ್ನು ಬಯಲಿಗೆ ಕರೆದೊಯ್ದು ಕೂರಿಸುತ್ತಿದ್ದರು. ‘ಎದುರಿಗೆ ಎಷ್ಟು ಜನ ಇದ್ದಾರೆ ಹೇಳಿ’ ಎನ್ನುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಕುರುಚಲು, ಕಲ್ಲು, ಬಿಸಿಲು. ಉಸ್ತಾದರು ಸೀಟಿ ಊದಿದೊಡನೆ ನಾವು ನೋಡುತ್ತಿದ್ದ ಅದೇ ಕುರುಚಲಿನಿಂದ ಸಿಪಾಯಿಗಳು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಆಮೇಲೆ ಪಾಠ. ಆಕಾರ, ಹೊಳಪು, ನೆರಳು, ಆಕಾಶಕ್ಕೆ ಎದುರಾಗಿ ಕಾಣುವ ಹೊರರೇಖೆ, ಒಂದಕ್ಕೊಂದರ ನಡುವಿನ ಅಂತರ, ಚಲನೆ. ಮನುಷ್ಯನನ್ನು ಬಿಟ್ಟುಕೊಡುವುದು ಇವೇ.

ನೆಲವನ್ನು ಹುಡುಕುವುದಕ್ಕೂ ಕ್ರಮವಿದೆ. ಮೊದಲು ಹತ್ತಿರದ ಪಟ್ಟಿ, ನಂತರ ನಡುವಿನದು, ಕೊನೆಗೆ ದೂರದ್ದು. ಪ್ರತಿ ಪಟ್ಟಿಯನ್ನೂ ಬಲದಿಂದ ಎಡಕ್ಕೆ ನೋಡಬೇಕು. ಓದುವ ಅಭ್ಯಾಸವಿರುವ ಕಣ್ಣು ಎಡದಿಂದ ಬಲಕ್ಕೆ ಸರಾಗವಾಗಿ ಜಾರಿಬಿಡುತ್ತದೆ. ಬಲದಿಂದ ಎಡಕ್ಕೆ ಹೊರಟರೆ ತಡವರಿಸುತ್ತದೆ, ತಡವರಿಸಿದಲ್ಲಿ ಏನೋ ಸಿಗುತ್ತದೆ.

ಇಂದಿಗೂ ಯಾವ ಊರಿಗೆ ಹೋದರೂ ಮೊದಲ ಒಂದು ತಾಸು ನಾನು ಮೊಬೈಲ್ ಹೊರಗೆ ತೆಗೆಯುವುದಿಲ್ಲ. ಬಸ್ ನಿಲ್ದಾಣದ ಬೆಂಚೋ, ಚಹಾದ ಅಂಗಡಿಯೋ, ಒಂದು ಕಡೆ ಕುಳಿತು ನೋಟ್‌ಬುಕ್ಕಿನಲ್ಲಿ ರೇಂಜ್ ಕಾರ್ಡ್ ಬರೆಯುತ್ತೇನೆ. ಮೋರ್ಚಾದಲ್ಲಿ, ಅಂದರೆ ಹೋರಾಟಕ್ಕೆ ಸಿದ್ಧಪಡಿಸಿದ ನೆಲೆಯಲ್ಲಿ, ಕಾವಲಿಗೆ ಕುಳಿತವನು ಬರೆಯುವ ಚಿತ್ರ ಅದು. ಕೆಳಗೆ ನಡುಮಧ್ಯದಲ್ಲಿ ತನ್ನ ಜಾಗಕ್ಕೆ ಒಂದು ಗುರುತು, ಅದರ ಸುತ್ತ ಅರ್ಧವೃತ್ತಗಳು, ಒಂಟಿ ಮರ 300 ಮೀಟರ್, ಮುರಿದ ಗೋಡೆ 150 ಮೀಟರ್, ದಾರಿ ತಿರುಗುವಲ್ಲಿ 400. ಈಗ ಮರದ ಜಾಗದಲ್ಲಿ ಚರ್ಚಿನ ಗಂಟೆಗೋಪುರ ಬರುತ್ತದೆ, ಗೋಡೆಯ ಜಾಗದಲ್ಲಿ ತರಕಾರಿ ಮಾರುವ ಹೆಂಗಸು ಬರುತ್ತಾಳೆ. ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ: ಏನು ಹೊಳೆಯುತ್ತಿದೆ, ಯಾರು ಅವಸರದಲ್ಲಿದ್ದಾರೆ, ಯಾರು ಯಾರಿಂದ ದೂರ ನಿಂತಿದ್ದಾರೆ. ನನ್ನ ಪ್ರತಿಯೊಂದು ಲೇಖನವೂ ಈ ಅರ್ಧವೃತ್ತದಿಂದಲೇ ಹುಟ್ಟಿದೆ.

ರೇಂಜ್ ಕಾರ್ಡಿನಿಂದ ಕಲಿತದ್ದು ಇನ್ನೂ ಒಂದಿದೆ. ಬರೆದವನ ಜಾಗ ಗುರುತಾಗಿರದಿದ್ದರೆ ಆ ಕಾರ್ಡು ಯಾರಿಗೂ ಉಪಯೋಗಕ್ಕೆ ಬಾರದು. ಆದರೆ ಅವನ ಜಾಗ ಒಂದು ಸಣ್ಣ ಗುರುತು ಮಾತ್ರ, ಉಳಿದ ಕಾಗದವೆಲ್ಲ ಎದುರಿನ ನೆಲದ್ದು. ನಮ್ಮ ಪ್ರವಾಸ ಬರಹಗಳಲ್ಲಿ ಬರೆಯುವವನೇ ಪುಟ ತುಂಬಿಕೊಂಡಿರುವುದು ನನಗೆ ಹಿಡಿಸುವುದಿಲ್ಲ. ವಿಮಾನದಲ್ಲಿ ಏನು ತಿಂದೆ, ಹೋಟೆಲಿನ ಹಾಸಿಗೆ ಹೇಗಿತ್ತು ಎನ್ನುವುದರಿಂದ ಓದುಗನಿಗೆ ಆ ಊರು ಕಾಣುವುದಿಲ್ಲ.

ಬರಹದ ಇನ್ನೊಂದು ಶಾಲೆ ಪತ್ರಗಳು. ಸೇನೆಯಲ್ಲಿ ನಮ್ಮ ವಿಳಾಸ 56 ಎ.ಪಿ.ಒ. ಎಂಬ ಸೇನಾ ಅಂಚೆ ಕಚೇರಿಯ ಸಂಖ್ಯೆ ಮಾತ್ರ. ಎಲ್ಲಿದ್ದೇವೆ ಎಂದು ಬರೆಯುವಂತಿಲ್ಲ, ಏನು ಮಾಡುತ್ತಿದ್ದೇವೆ ಎಂದೂ ಬರೆಯುವಂತಿಲ್ಲ. ನಮ್ಮ ಕಂಪನಿಯಲ್ಲಿದ್ದ ಕನ್ನಡದ ಹುಡುಗರಲ್ಲಿ ಕೆಲವರಿಗೆ ಬರೆಯುವುದು ಒಗ್ಗುತ್ತಿರಲಿಲ್ಲ, ಅವರ ಇನ್‌ಲ್ಯಾಂಡ್ ಪತ್ರಗಳನ್ನೂ ನಾನೇ ಬರೆಯುತ್ತಿದ್ದೆ. ಊರಿನ ಹೆಸರು ಹೇಳದೆ, ಯುದ್ಧದ ಸುದ್ದಿ ಹೇಳದೆ, ಮಗ ಬದುಕಿದ್ದಾನೆ, ಉಂಡಿದ್ದಾನೆ, ನಿಮ್ಮನ್ನು ನೆನೆಯುತ್ತಾನೆ ಎಂಬುದು ಅವ್ವನಿಗೆ ಮುಟ್ಟಬೇಕು. ಮಳೆ ಹೇಗೆ ಬೀಳುತ್ತದೆ, ಇಲ್ಲಿಯ ತೆಂಗಿನಕಾಯಿ ಎಷ್ಟು ದಪ್ಪ, ಬಾವಿಯ ನೀರು ಉಪ್ಪೋ ಸಿಹಿಯೋ, ಇಂಥವನ್ನೇ ಬರೆದು ಪತ್ರ ತುಂಬಿಸುತ್ತಿದ್ದೆವು. ಅವ್ವಂದಿರು ಅದರಿಂದಲೇ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದರು. ಈಗಲೂ ನಾನು ಬರೆಯುವಾಗ ಎದುರಿಗೆ ಒಬ್ಬ ಅವ್ವ ಕುಳಿತಿದ್ದಾಳೆ ಎಂದುಕೊಂಡೇ ಬರೆಯುತ್ತೇನೆ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಸಾಲ ಮಾಡಿ ಒಂದು ಪ್ರಯಾಣವನ್ನೂ ಮಾಡಿಲ್ಲ. ಹೊಲದ ಖರ್ಚು, ಮಕ್ಕಳ ಖರ್ಚು ತೆಗೆದು ಪಿಂಚಣಿಯಲ್ಲಿ ಉಳಿದದ್ದು ಪ್ರಯಾಣಕ್ಕೆ ಎಂದು ಮನೆಯಾಕೆ ಮತ್ತು ನಾನು ಮೊದಲೇ ಮಾತಾಡಿಕೊಂಡಿದ್ದೇವೆ. ಬ್ಯಾರಕ್ಕಿನಲ್ಲಿ ಮಲಗಿದವನಿಗೆ ಡಾರ್ಮಿಟರಿ ಕಷ್ಟವಲ್ಲ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಅಲ್ಲಿರುತ್ತೀರಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ. ಬೆಳಗಾವಿಯ ಕುಂದಾ ಒಯ್ಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಕುಂದಾ ಅಪ್ಪಟ ಹಾಲಿನದು. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಪ್ರವಾಸಿಯಾಗಿ ನಾನು ಮೊದಲು ಹೋದದ್ದು ಜಾಫ್ನಾಕ್ಕೇ. ಬೇರೆ ಯಾವ ದೇಶದಿಂದ ಶುರು ಮಾಡಲೂ ಮನಸ್ಸು ಒಪ್ಪಲಿಲ್ಲ. ಯುದ್ಧದಲ್ಲಿ ಕಿತ್ತುಹೋಗಿದ್ದ ಉತ್ತರದ ರೈಲುಮಾರ್ಗವನ್ನು ಭಾರತದ ನೆರವಿನಿಂದ ಮತ್ತೆ ಕಟ್ಟಿದ ಮೇಲೆ, 2014ರ ಅಕ್ಟೋಬರಿನಲ್ಲಿ ಯಾಳ್ ದೇವಿ ರೈಲು ಮತ್ತೆ ಜಾಫ್ನಾ ಮುಟ್ಟಿತು. ಅದರಲ್ಲೇ ಹೋದೆ. ಆನೆಯಿರವು ದಾಟುವಾಗ ಎರಡೂ ಕಡೆ ಉಪ್ಪುನೀರಿನ ಹಿನ್ನೀರು, ಆಮೇಲೆ ತಾಳೆಮರಗಳು. ತಾಳೆಮರ ಕಂಡೊಡನೆ ನನ್ನ ಕೈ ಬೆನ್ನ ಚೀಲದ ಪಟ್ಟಿಯನ್ನು ಬಿಗಿ ಹಿಡಿಯಿತು. ಮೈಗೆ ತನ್ನದೇ ನೆನಪಿದೆ.

ಜಾಫ್ನಾದ ಓಣಿಗಳಲ್ಲಿ ಮನೆಗಳ ಸುತ್ತ ತಾಳೆಗರಿಯ ಬೇಲಿ ಇರುತ್ತಿತ್ತು, ಆಳೆತ್ತರಕ್ಕಿಂತ ಎತ್ತರ. 1987ರಲ್ಲಿ ನಾನು ಆ ಬೇಲಿಗಳನ್ನು ನೋಡಿದಷ್ಟು ಇನ್ನೇನನ್ನೂ ನೋಡಿಲ್ಲ. ಯಾವ ಗರಿ ಹೊಸದು, ಎಲ್ಲಿ ಸಂದು ಬಿಟ್ಟಿದೆ, ಸಂದಿನಲ್ಲಿ ನೆರಳು ಕದಲಿತೇ, ಬುಡದ ಮಣ್ಣು ಈಚೆಗೆ ಅಗೆದದ್ದೇ. ಆ ಓಣಿಗಳಲ್ಲಿ ನೆಲದೊಳಗೆ ಸಿಡಿಮದ್ದು ಹೂತಿರುತ್ತಿತ್ತು. ನನಗೆ ಬರುತ್ತಿದ್ದ ತಮಿಳು ಕೂಡ ಚೆಕ್‌ಪೋಸ್ಟಿಗೆ ಬೇಕಾದಷ್ಟೇ. ಬೇಲಿಯ ಆಚೆಗೆ ಏನಿತ್ತು ಎಂಬುದು ನನಗೆ ಅಂದು ಗೊತ್ತಾಗಲೇ ಇಲ್ಲ.

ನಲ್ಲೂರು ಕಂದಸ್ವಾಮಿ ದೇವಸ್ಥಾನದಿಂದ ಸ್ವಲ್ಪ ದೂರದ ಓಣಿಯಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರ ಮನೆಯ ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ಸಂಜೆಯೇ ಅವರು ಹಾಲಿಲ್ಲದ ಚಹಾ, ಕಚ್ಚಿಕೊಂಡು ಕುಡಿಯಲು ತಾಳೆಬೆಲ್ಲದ ಚೂರು ತಂದಿಟ್ಟು, ‘ತಂಬಿ, ಇದು ಮೊದಲ ಸಲವೇ?’ ಎಂದು ಕೇಳಿದರು. ‘ಇಲ್ಲ ಮಾಸ್ಟರ್, 87ರಲ್ಲಿ ಬಂದಿದ್ದೆ’ ಎಂದೆ. ನನ್ನ ವಯಸ್ಸಿನ ಭಾರತೀಯ ಗಂಡಸು 87ರಲ್ಲಿ ಏಕೆ ಬಂದಿದ್ದ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವರು ಕಪ್ಪನ್ನು ಕೆಳಗಿಟ್ಟು, ‘ಯಾವ ಓಣಿ?’ ಎಂದರು. ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಮಾತು ತೆಗೆದರು. ಗುಂಡಿನ ಸದ್ದು ಹತ್ತಿರವಾದ ರಾತ್ರಿ ಮನೆಯವರೆಲ್ಲ ಮಂಚದ ಕೆಳಗೆ ಹೋಗಿದ್ದರು. ವಯಸ್ಸಾದ ತಾಯಿಗೆ ಬಗ್ಗಲು ಆಗದೆ ಗೋಡೆಗೆ ಒರಗಿ ಕುಳಿತರು. ಮಕ್ಕಳ ಬಾಯಿಗೆ ಸೆರಗು ತುರುಕಿದ್ದರು, ಅಳುವ ಸದ್ದು ಹೊರಗೆ ಹೋಗಬಾರದೆಂದು. ಬೆಳಗಾದ ಮೇಲೆ ಸಾವಿರಾರು ಜನರ ಹಾಗೆ ಅವರೂ ನಲ್ಲೂರು ದೇವಸ್ಥಾನಕ್ಕೆ ಓಡಿದರು. ಅಡುಗೆ ಎಲ್ಲಿ ಮಾಡಿದರು, ನೀರಿಗೆ ಎಷ್ಟು ಹೊತ್ತು ನಿಂತರು, ತಾಯಿಯ ಔಷಧ ಯಾವಾಗ ಮುಗಿಯಿತು ಎಲ್ಲವನ್ನೂ ಹೇಳಿದರು. ಗರಿಯ ಬೇಲಿಯ ಒಳಗಿನಿಂದ ನಮ್ಮ ಬೂಟುಗಳು ಹೇಗೆ ಕೇಳಿಸುತ್ತಿದ್ದವು ಎಂದೂ ಹೇಳಿದರು. ನಾನು ಬರೆದುಕೊಳ್ಳಲೇ ಎಂದು ಕೇಳಿದೆ. ‘ಬರೆಯಿರಿ, ನನ್ನ ಹೆಸರು ಬೇಡ’ ಎಂದರು. ಆ ಲೇಖನವನ್ನು ನಾನು ಅವರ ಕಡೆಯಿಂದಲೇ ಬರೆದೆ. ನಮ್ಮ ಪಲ್ಟನ್ನಿನ ಕಾರ್ಯಾಚರಣೆಯ ಒಂದು ವಿವರವೂ ಅದರಲ್ಲಿಲ್ಲ. ನನ್ನ ಜೊತೆಯಲ್ಲಿ ಅಲ್ಲಿ ಕಾದಿದ ಗೆಳೆಯರು ಅದನ್ನು ಓದಿ ಫೋನ್ ಮಾಡಿದರು. ಒಬ್ಬನಂತೂ ಕೇಳಿದ್ದು ಇಷ್ಟೇ: ‘ಆ ತಾಯಿ ಬದುಕಿದರೇ?’ ಬದುಕಿದ್ದರು, ಇನ್ನೂ ಹಲವು ವರ್ಷ.

ಹಿಂದಿರುಗುವಾಗ ಕೊಲಂಬೊ ಹತ್ತಿರದ ಬಟ್ಟರಮುಲ್ಲದಲ್ಲಿರುವ ಶಾಂತಿಪಾಲನಾ ಪಡೆಯ ಸ್ಮಾರಕಕ್ಕೆ ಹೋದೆ. ಕರಿಕಲ್ಲಿನ ಮೇಲೆ ನನ್ನ ಗೆಳೆಯರ ಹೆಸರುಗಳಿವೆ. ಅಲ್ಲಿ ನಿಂತಾಗಲೇ ಮುಂದಿನ ದಾರಿ ನಿಶ್ಚಯವಾಯಿತು. ನಮಗಿಂತ ಮೊದಲು ನಮ್ಮ ಜಿಲ್ಲೆಗಳಿಂದ ಪರದೇಶಕ್ಕೆ ಹೋಗಿ ಸತ್ತವರು ಎಲ್ಲಿದ್ದಾರೆ? ಅವರಿರುವ ಕಡೆಗೆಲ್ಲ ಹೋಗಬೇಕು, ಹೋಗಿ ಅವರ ಊರಿಗೆ ಸುದ್ದಿ ತರಬೇಕು.

ಇದನ್ನು ಹುಡುಕುವ ಬಗೆಯನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಯಾರು ಬೇಕಾದರೂ ಮಾಡಬಹುದು. 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ದಾಖಲೆಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಸಂಖ್ಯೆ, ಹುದ್ದೆ, ಪಲ್ಟನ್, ಸತ್ತ ದಿನ, ಹಲವರಿಗೆ ತಂದೆಯ ಹೆಸರು ಮತ್ತು ಊರು. ಆದರೆ ಜಿಲ್ಲೆಯ ಹೆಸರು ಅಂದಿನದು. ಬಾಗಲಕೋಟೆಯವರನ್ನು ಬಿಜಾಪುರದಲ್ಲಿ ಹುಡುಕಬೇಕು, 1997ರವರೆಗೆ ಅದು ಬೇರೆ ಜಿಲ್ಲೆಯಲ್ಲ. ಇಂದು ಮಹಾರಾಷ್ಟ್ರದಲ್ಲಿರುವ ಚಂದಗಡದವರು ಬೆಳಗಾಂ ಜಿಲ್ಲೆಯ ಹೆಸರಿನಲ್ಲಿರಬಹುದು. ಮುಧೋಳ, ಜಮಖಂಡಿ, ರಾಮದುರ್ಗ ಆಗ ಸಂಸ್ಥಾನಗಳು, ಹಾಗಾಗಿ ಸಂಸ್ಥಾನದ ಹೆಸರನ್ನೂ ಹಾಕಿ ನೋಡಬೇಕು. ಊರಿನ ಹೆಸರನ್ನು ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಅದನ್ನು ಗಟ್ಟಿಯಾಗಿ ಓದಿ, ತಾಲ್ಲೂಕಿನ ಹಳ್ಳಿಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಹೊಂದಿಸಬೇಕು. ಹಳೆಯ ಬಸ್ ಕಂಡಕ್ಟರುಗಳು ಈ ಕೆಲಸದಲ್ಲಿ ನನಗೆ ಮಾಡಿದ ಸಹಾಯ ದೊಡ್ಡದು.

ಹೀಗೆ ಪಟ್ಟಿ ಹಿಡಿದು ಇಟಲಿಗೆ ಹೋದೆ. ರಣಭೂಮಿಗೆ ಹೋಗುವವರಿಗೆ ನನ್ನದೊಂದು ಸೂಚನೆ ಇದೆ. ಕಾಳಗ ನಡೆದ ತಿಂಗಳಲ್ಲೇ ಹೋಗಿ. ಎಲೆ, ಬೆಳಕು, ನದಿಯ ನೀರು ಅಂದಿನಂತೆಯೇ ಇರುತ್ತವೆ. ಸೆನಿಯೊ ನದಿಗೆ ನಾನು ಏಪ್ರಿಲ್‌ನಲ್ಲಿ ಹೋದದ್ದು ಅದಕ್ಕೇ. ಬೊಲೊನ್ಯಾದಿಂದ ಲೂಗೊ ಪಟ್ಟಣಕ್ಕೆ ಸಣ್ಣ ರೈಲಿದೆ, ಅಲ್ಲಿಂದ ನಡೆದೆ. ಸುತ್ತ ಪೀಚ್ ತೋಟ, ದ್ರಾಕ್ಷಿ ತೋಟ, ನೆಲ ಮಟ್ಟಸ. ನದಿ ನಮ್ಮ ಮಲಪ್ರಭೆಗಿಂತ ಬಹಳ ಕಿರಿದು, ಆದರೆ ಎರಡೂ ಕಡೆ ಪ್ರವಾಹ ತಡೆಯಲು ಕಟ್ಟಿದ ಮಣ್ಣಿನ ಏರಿ ಮೂವತ್ತು ಅಡಿಯ ಆಸುಪಾಸು. ಕಡಿದಾಗಿದೆ. 1945ರ ಏಪ್ರಿಲ್ 9ರಂದು ಆ ಏರಿಯಲ್ಲಿ ಮಷಿನ್‌ಗನ್ನುಗಳಿದ್ದವು, ಇಳಿಜಾರಿನಲ್ಲಿ ಸಿಡಿಮದ್ದು ಹೂತಿತ್ತು.

ನಮ್ಮ ದಳದ ಸಿಪಾಯಿ ನಾಮದೇವ ಜಾಧವ್ ಆ ದಿನ ಕಂಪನಿಯ ಓಲೆಕಾರ. ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು ನೀರು ದಾಟಿಸಿ, ಏರಿ ಹತ್ತಿಸಿ, ಸಿಡಿಮದ್ದಿನ ನಡುವೆಯೇ ಸುರಕ್ಷಿತ ಜಾಗಕ್ಕೆ ಮುಟ್ಟಿಸಿದ. ಆಮೇಲೆ ಒಬ್ಬನೇ ಹಿಂದಿರುಗಿ ಮೂರು ಮಷಿನ್‌ಗನ್ ಮೋರ್ಚಾಗಳನ್ನು ಅಡಗಿಸಿದ. ಕೈಗೆ ಗುಂಡು ಬಿದ್ದು ಬಂದೂಕು ಹಿಡಿಯಲಾಗದಾದಾಗ ಗ್ರೆನೇಡ್ ಎಸೆದ. ಏರಿಯ ನೆತ್ತಿಯಲ್ಲಿ ನಿಂತು ದಳದ ಜಯಘೋಷ ಕೂಗಿ ಉಳಿದವರನ್ನು ಕರೆದ. ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಈ ಕಥೆಯನ್ನು ರಂಗರೂಟನಾಗಿದ್ದಾಗಿನಿಂದ ಕೇಳಿದ್ದೆ. ಬೆನ್ನಿನ ಚೀಲ ಹೊತ್ತು ಆ ಏರಿಯನ್ನು ಹತ್ತಿದಾಗಲೇ ಅದರ ತೂಕ ತಿಳಿದದ್ದು. ಒದ್ದೆ ಹುಲ್ಲಿನ ಮೇಲೆ ಬೂಟು ನಿಲ್ಲುವುದಿಲ್ಲ. ಕೈಯೂರದೆ ಮೇಲೇರಲು ಆಗುವುದಿಲ್ಲ. ಅವನ ಹೆಗಲ ಮೇಲೆ ಒಬ್ಬ ಗಂಡಸು ಇದ್ದ.

ನಮ್ಮ ದಳದವನೇ ಆದ ಯಶವಂತ ಘಾಡ್ಗೆ ಇನ್ನೂ ದಕ್ಷಿಣಕ್ಕೆ, ಟೈಬರ್ ಕಣಿವೆಯಲ್ಲಿ, 1944ರ ಜುಲೈ 10ರಂದು ಮಡಿದವನು. ಅವನ ಸೆಕ್ಷನ್ನಿನ, ಅಂದರೆ ಸಣ್ಣ ತುಕಡಿಯ, ಉಳಿದವರೆಲ್ಲ ಬಿದ್ದ ಮೇಲೆ ಒಂಟಿಯಾಗಿ ಮಷಿನ್‌ಗನ್ ಮೇಲೆ ನುಗ್ಗಿ, ಮ್ಯಾಗಜೀನ್ ಬದಲಿಸಲು ಹೊತ್ತಿಲ್ಲದೆ ಬಂದೂಕಿನ ಹಿಡಿಯಿಂದಲೇ ಹೊಡೆದ. ಇಪ್ಪತ್ತೆರಡರ ಹುಡುಗ. ದೇಹ ಸಿಗಲಿಲ್ಲ. ಪೆರುಜಿಯಾ ಸಮೀಪದ ಮೊಂತೋನೆ ಎಂಬ ಬೆಟ್ಟದೂರಿನಲ್ಲಿ 2023ರಲ್ಲಿ ಅವನ ಹೆಸರಿನಲ್ಲಿ ಒಂದು ಸೂರ್ಯಗಡಿಯಾರ ನಿಲ್ಲಿಸಿದ್ದಾರೆ. ನೋಡುವಂಥದ್ದು.

ಫೊರ್ಲಿಯಲ್ಲಿ ಭಾರತೀಯ ಸೇನೆಯ ಸಮಾಧಿ ಸ್ಥಳವಿದೆ. ದಹನ ಮಾಡಿದವರಿಗೆ ಸಮಾಧಿ ಇಲ್ಲ, ಅವರ ಹೆಸರುಗಳು ಅಲ್ಲಿಯ ಸ್ಮಾರಕದ ಮೇಲಿವೆ. ಉಸ್ತಾದರ ಪಾಠದಲ್ಲಿ ‘ಅಂತರ’ ಎಂಬುದನ್ನು ನಾನು ಅಲ್ಲಿ ಮತ್ತೆ ಕಲಿತೆ. ಎಂದೂ ಸಮ ಅಂತರದಲ್ಲಿ ನಡೆಯಬೇಡಿ, ನಿಸರ್ಗದಲ್ಲಿ ಯಾವುದೂ ಸಮ ಅಂತರದಲ್ಲಿ ಇರುವುದಿಲ್ಲ, ವೈರಿಯ ಕಣ್ಣಿಗೆ ತಟ್ಟನೆ ಬೀಳುತ್ತೀರಿ ಎಂದು ಬೈದು ಬೈದು ಕಲಿಸಿದ್ದರು. ಅಲ್ಲಿ ಎಲ್ಲರೂ ಸಮ ಅಂತರದಲ್ಲಿದ್ದಾರೆ. ಇನ್ನು ಅವರು ಅಡಗಿಕೊಳ್ಳಬೇಕಿಲ್ಲ.

ಎಲ್ಲ ಕಡೆ ಹೀಗಿಲ್ಲ ಎಂಬುದನ್ನೂ ಹೇಳಲೇಬೇಕು. ಮೊದಲ ಮಹಾಯುದ್ಧದಲ್ಲಿ ಮೆಸಪಟೋಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ನಮ್ಮ ದಳದ ಪಲ್ಟನ್ನುಗಳು ಅಪಾರ ಸಾವು ಕಂಡವು. ಕೂಟ್ ಪಟ್ಟಣದ ಮುತ್ತಿಗೆ 1916ರ ಏಪ್ರಿಲ್ 29ರಂದು ನಮ್ಮ ಕಡೆಯವರ ಶರಣಾಗತಿಯಲ್ಲಿ ಮುಗಿಯಿತು. ಅಲ್ಲಿ ಮಡಿದವರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಬ್ರಿಟಿಷ್ ಸಿಪಾಯಿಯ ಹೆಸರಿದೆ, ಭಾರತೀಯ ಅಧಿಕಾರಿಯ ಹೆಸರಿದೆ. ಭಾರತೀಯ ಸಿಪಾಯಿಗೆ ಪಲ್ಟನ್ನಿನ ಹೆಸರಿನ ಕೆಳಗೆ ಒಂದು ಸಂಖ್ಯೆ ಮಾತ್ರ, ಇಷ್ಟು ಜನ ಎಂದು. 2021ರಲ್ಲಿ ಆಯೋಗವೇ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಕ್ಷಮೆ ಕೇಳಿದ್ದು ಸರಿ. ಆದರೆ ಹೆಸರುಗಳನ್ನು ಹುಡುಕಿ ಊರಿಗೆ ಮುಟ್ಟಿಸುವ ಕೆಲಸವನ್ನು ನಾವೇ ಮಾಡಬೇಕು.

ಮುಟ್ಟಿಸುವುದು ಎಂದರೆ ಹೀಗೆ. ಹುಕ್ಕೇರಿ ತಾಲ್ಲೂಕಿನ ಒಂದು ಮನೆಗೆ ಇಟಲಿಯ ಸ್ಮಾರಕದ ಕಲ್ಲಿನ ಫೋಟೊ ದೊಡ್ಡದಾಗಿ ಮುದ್ರಿಸಿ ಒಯ್ದಿದ್ದೆ. ಮೊಮ್ಮಗನಿಗೇ ಅರವತ್ತರ ಮೇಲೆ. ‘ಅಜ್ಜ ಮಿಲಿಟರಿಗೆ ಹೋಗಿ ಬರಲಿಲ್ಲ ಎಂದಷ್ಟೇ ನಮ್ಮ ಅಪ್ಪ ಹೇಳುತ್ತಿದ್ದ. ಎಲ್ಲಿ ಎಂದು ಅವನಿಗೂ ಗೊತ್ತಿರಲಿಲ್ಲ’ ಎಂದರು. ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಆ ಅಜ್ಜನಿಗೆ ಫೋಟೊ ಇಲ್ಲದೆ ಒಂದು ತಂಬಿಗೆ ಇಟ್ಟು ಪೂಜಿಸುತ್ತಿದ್ದರಂತೆ. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ನಾನು ಓದಿ ತೋರಿಸಿದೆ. ಸೊಸೆಯಂದಿರು ಅಡುಗೆ ಮನೆಯಿಂದ ಬಂದು ನಿಂತರು. ಇಟಲಿಯಲ್ಲಿ ಮಳೆ ಬೀಳುತ್ತದೆಯೇ, ಅಲ್ಲಿ ಯಾರು ದೀಪ ಹಚ್ಚುತ್ತಾರೆ, ಹುಲ್ಲು ಯಾರು ಕೊಯ್ಯುತ್ತಾರೆ ಎಂದು ಒಂದೊಂದಾಗಿ ಕೇಳಿದರು. ನನ್ನ ನೋಟ್‌ಬುಕ್ಕಿನಲ್ಲಿ ಉತ್ತರಗಳಿದ್ದವು. ತೋಟಗಾರ ಎಷ್ಟು ಗಂಟೆಗೆ ಬರುತ್ತಾನೆ ಎಂಬುದನ್ನೂ ಬರೆದುಕೊಂಡಿದ್ದೆ.

ಬರೆಯುವ ಕೆಲಸ ನಸುಕಿನದು. ಸೇನೆಯ ಅಭ್ಯಾಸ, ಐದಕ್ಕೆ ಎಚ್ಚರ. ಮೊದಲ ಪ್ರತಿ ಕೈಬರಹ, ನಂತರ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಊರಿಂದ ಬಂದ ತಕ್ಷಣ ಬರೆಯುವುದಿಲ್ಲ. ಆ ಊರಿನ ವಿಷಯ ಮನೆಯಲ್ಲಿ ಹೇಳಿ ಹೇಳಿ, ಯಾವುದನ್ನು ಕೇಳುವವರು ಮತ್ತೆ ಕೇಳುತ್ತಾರೋ ಅದನ್ನು ಬರೆಯುತ್ತೇನೆ. ಮೊದಲು ದಿನಪತ್ರಿಕೆಯ ಭಾನುವಾರದ ಪುರವಣಿ, ಆಮೇಲೆ ಪುಸ್ತಕ. ಗೌರವಧನದಿಂದ ವಿಮಾನದ ಟಿಕೆಟ್ ಬರುವುದಿಲ್ಲ, ಅದನ್ನು ತಿಳಿದುಕೊಂಡೇ ಇಳಿಯಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಪ್ರಕಾಶಕರಿಗೆ ಉಸಿರಾಡಲು ಆಗುತ್ತದೆ, ಪುಸ್ತಕ ಹಳ್ಳಿಯ ಗ್ರಂಥಾಲಯಕ್ಕೂ ಹೋಗುತ್ತದೆ. ನನಗೆ ಬೇಕಾದದ್ದು ಅದೇ.

ಈಗ ಎರಿಟ್ರಿಯಾದ ಕೆರೆನ್‌ಗೆ ಸಿದ್ಧತೆ ನಡೆಸಿದ್ದೇನೆ. 1941ರ ಮಾರ್ಚ್ 27ರಂದು ಕೈವಶವಾದ ಆ ಬೆಟ್ಟದೂರಿಗಾಗಿ ನಮ್ಮ ದಳದವರು ಕಾದಿದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೆಸರುಗಳನ್ನು ಬೇರ್ಪಡಿಸುತ್ತಿದ್ದೇನೆ, ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ, ದೇವರ ಜಗಲಿಯಲ್ಲಿ ಹಳೆಯ ಯುದ್ಧದ ಪದಕವಿದ್ದರೆ ಅದರ ಮುಖದ ಮೇಲಿನ ರಾಜನನ್ನು ನೋಡಿ ಒಳಗಿಡಬೇಡಿ. ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಸಿಪಾಯಿಯ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ ಆ ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿರುತ್ತವೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಬೆಳ್ಳಿಯ ಆಸೆಗೆ ಅಕ್ಕಸಾಲಿಗರಿಗೆ ಕೊಡಬೇಡಿ. ಆ ಸಂಖ್ಯೆಯೊಂದು ಸಿಕ್ಕರೆ ಆ ಮನುಷ್ಯ ಯಾವ ದೇಶದಲ್ಲಿ, ಯಾವ ಕಲ್ಲಿನ ಮೇಲೆ ಇದ್ದಾನೆ ಎಂದು ಹುಡುಕಬಹುದು.